ಕಿವುಡರ ಓಣಿ

ಊರೂರು ತಿರುಗಿ, ಯಾರೂ ಹೆಸರು ಕೇಳದ ಹಾಡುಗಾರರನ್ನು ಹುಡುಕಿ ಪತ್ರಿಕೆಗೆ ಬರೆಯುವುದು ಆ ಲೇಖಕರಿಗೆ ದೇವರ ಪೂಜೆಯಷ್ಟೇ ನೇಮದ ಕೆಲಸ. ನೇಕಾರರ ಓಣಿಯಲ್ಲಿ ಮಗ್ಗದ ಮುಂದೆ ಕೂತು ನೀಲವ್ವ ಹಾಡುತ್ತಿದ್ದ ದೇವರ ಪದ ಕಿವಿಗೆ ಬಿದ್ದ ದಿನ ಅವರ ಕಣ್ಣು ತುಂಬಿತು. ಹಿಂದೆಯೇ ಸಿಟ್ಟು ನೆತ್ತಿಗೇರಿತು. ಅವಳು ದನಿ ಎತ್ತಿದೊಡನೆ ಓಣಿಯ ಬೇರೆ ಮಗ್ಗಗಳೆಲ್ಲ ನಿಂತಿದ್ದವು, ಕಟ್ಟೆಯ ಮೇಲೆ ಕೂತವರೂ ಎದ್ದು ಒಳಗೆ ಹೋಗಿಬಿಟ್ಟಿದ್ದರು. ‘ಕಿವುಡರ ಓಣಿ’ ಎಂದೇ ಬರೆದರು.

ಬರಹ ಅಚ್ಚಾದ ದಿನ ಪತ್ರಿಕೆ ಹಿಡಿದು ನೀಲವ್ವನ ಮನೆಗೆ ಹೊರಟರೆ, ಎದುರು ಮನೆಯ ಮುರಿಗೆಪ್ಪ ಅಡ್ಡ ನಿಂತ.

“ನಾವು ಕಿವುಡರೇನ್ರಿ ಸಾಹೇಬ್ರ?”

“ಮತ್ತೇನು? ಒಬ್ಬರಾದರೂ ಅವಳಿಗೆ ಭೇಷ್ ಅಂದಿದ್ದೀರಾ? ನಾಚಿಕೆಯಾಗಬೇಕು ನಿಮಗೆ!”

“ಒಮ್ಮೆ ಅಂದಿದ್ವಿ.” ಮುರಿಗೆಪ್ಪ ನೀಲವ್ವನ ಮನೆಯತ್ತ ನೋಡಿದ. “ದೇವರಿಗಂತ ಹಾಡಿದ್ದು ಮಂದಿ ಕಿವಿಗೆ ಬಿತ್ತಂತ ಮೂರು ವರ್ಷ ಬಾಯಿ ಮುಚ್ಚಿದ್ಲು. ಮತ್ತ ಹಾಡಾಕ ಹತ್ತಿದ ಮ್ಯಾಲ, ಅಕಿ ಸುರು ಮಾಡಿದ್ಲಂದ್ರ ಮಗ್ಗ ನಿಲ್ಲಿಸಿ, ಒಳಗ ಕುಂತು, ಉಸಿರು ಬಿಗಿಹಿಡಿದು ಕೇಳ್ತೀವಿ. ಎಲ್ಲಾರೂ ಚಾ ಕುಡಿಯಾಕ ಹೋಗ್ಯಾರಂತ ತಿಳದಿದ್ಲು, ಪಾಪ. ಇಡೀ ಓಣಿ ಕಾಯ್ಕೊಂಡು ಬಂದ ಅಕಿ ಹಾಡನ್ನ ನೀವು ಪೇಪರಿಗೆ ಹಾಕಿದ್ರಿ!”

ಲೇಖಕರ ದನಿ ಇಳಿಯಿತು. “ನೀಲವ್ವ ಓದಿದಳೇ?”

“ಮುಂಜಾನಿ ಯಾರೋ ಓದಿ ಹೇಳ್ಯಾರ. ನೀವ ಕೇಳ್ರಿ, ಹೋಗ್ರಿ.”

ಲೇಖಕರು ಅವಳ ಬಾಗಿಲಿಗೆ ಹೋಗಿ ಕಿವಿಗೊಟ್ಟರು. ಒಳಗಿನಿಂದ ಬರಿಯ ಮಗ್ಗದ ಸದ್ದು ಬರುತ್ತಿತ್ತು.