ಫ್ರಿಡ್ಜಿನ ಶ್ರುತಿ

ಹಲ್ಲಪ್ಪ ಅಡುಗೆಮನೆಗೆ ಕಾಲಿಟ್ಟವನೇ ಮೊದಲು ಮಾಡಿದ ಕೆಲಸ, ಫ್ರಿಡ್ಜಿನ ಪ್ಲಗ್ ಕಿತ್ತದ್ದು. "ಇದರ ಗೊರಗೊರ ಎಲ್ಲಾ ಮೈಕಿಗೆ ಬೀಳುತ್ತೆ ಅಕ್ಕ."

"ಹಾಲು ಒಡೆದರೆ ನೀನೇ ಕುಡೀಬೇಕು," ಎಂದಳು ದರ್ಜಿ ಅಕ್ಕ, ಬೇಸ್ ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡು. ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ. ನುಡಿಸಲು ಅವಳಿಗೆ ಮೊದಲಿನಿಂದಲೂ ಉಳಿದದ್ದು ಒಲೆಗೂ ಫ್ರಿಡ್ಜಿಗೂ ನಡುವಿನ ಈ ಒಂದು ಸ್ಟೂಲು.

ಹಲ್ಲಪ್ಪ ಎಂಬುದು ಬ್ಯಾಂಡಿನವರು ಇಟ್ಟ ಹೆಸರು. ಹೊಟ್ಟೆಪಾಡಿಗೆ ಹಲ್ಲಿನ ಡಾಕ್ಟರು, ಚಟಕ್ಕೆ ಬೇಸ್‌ಗಾರ. ಅವನ ಮನೆಯ ಒಂದು ಕೋಣೆಯ ಗೋಡೆಗೆಲ್ಲ ಸ್ಪಂಜು ಮೆತ್ತಿದ್ದಾನೆ. ಒಳಗೆ ಸೀನಿದರೂ ಸದ್ದು ಶುದ್ಧವಾಗಿ ಕೇಳುತ್ತದಂತೆ. ಇಪ್ಪತ್ತು ವರ್ಷದ ಹಿಂದೆ ಅಕ್ಕನನ್ನು ಶ್ರುತಿಗೆ ಕೂರುವುದಿಲ್ಲವೆಂದು ಬ್ಯಾಂಡಿನಿಂದ ಕಳಿಸಿದಾಗ ಆ ಜಾಗಕ್ಕೆ ಬಂದವನು ಇವನೇ. ಈಗ ಆ ಹಳೆಯ ಹಾಡುಗಳನ್ನು ಒಬ್ಬೊಬ್ಬರೂ ಅವರವರ ಮನೆಯಲ್ಲೇ ನುಡಿಸಿ ಒಂದು ರೆಕಾರ್ಡ್ ಮಾಡುತ್ತಿದ್ದಾರೆ. ಅದರಲ್ಲೊಂದು ಹಾಡಿನ ಬೇಸ್ ಅಕ್ಕನೇ ಕಟ್ಟಿದ್ದು. ಗಿಟಾರಿನವನು ಹೇಳಿಕಳಿಸಿದ್ದ: "ಐದು ಗಂಟೆಯೊಳಗೆ ಅವಳದ್ದು ಶ್ರುತಿಗೆ ಕೂತರೆ ಸರಿ. ಇಲ್ಲದಿದ್ದರೆ ಹಲ್ಲಪ್ಪ, ನೀನೇ ನುಡಿಸಿ ಕಳಿಸಿಬಿಡು."

ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡಿತು. ಅಕ್ಕ ಹೆಡ್‌ಫೋನ್ ಏರಿಸಿ ನುಡಿಸಿದಳು. ಬೆರಳು ಒಂದೂ ತಪ್ಪಲಿಲ್ಲ. ಆದರೆ ಹಲ್ಲಪ್ಪನ ಮುಖ ಅವನ ಗಿರಾಕಿಗಳ ಮುಖದ ಹಾಗಾಯಿತು.

"ಅಕ್ಕ, ನಿಮ್ಮ ಶ್ರುತಿ ಮೇಲಿದೆ."

"ಮೇಲಿಲ್ಲ. ಅವರು ಕೆಳಗಿದ್ದಾರೆ. ಆವತ್ತೂ ಕೆಳಗೇ ಇದ್ದರು."

"ಈ ಟ್ಯೂನರ್ ನೋಡಿ, ಒಂದು ಮೆಟ್ಟಿನ ಮೂರನೇ ಒಂದು ಭಾಗ ಮೇಲೆ. ಯಾವುದಕ್ಕೆ ಶ್ರುತಿ ಮಾಡ್ತೀರಿ ನೀವು?"

ಅಕ್ಕನ ಕಣ್ಣು, ಅವಳನ್ನು ಕೇಳದೆಯೇ, ಫ್ರಿಡ್ಜಿನ ಕಡೆ ಹೋಯಿತು. ಹಲ್ಲಪ್ಪನ ಕಣ್ಣೂ ಹಿಂದೆಯೇ ಹೋಯಿತು. ಅವನು ಪ್ಲಗ್ ಹಾಕಿದ. ಮುದಿ ಫ್ರಿಡ್ಜು ಮೈ ನಡುಗಿಸಿ ಗುಂಯ್ ಎಂದಿತು. ಅವಳ ಸಣ್ಣ ತಂತಿಯನ್ನು ಅವನೇ ಮೀಟಿ ನೋಡಿದ. ಎರಡೂ ಕೂದಲೆಳೆ ಅಂತರವಿಲ್ಲದೆ ಕೂಡಿಕೊಂಡವು.

ಅವನು ನಕ್ಕ ನಗೆಗೆ ಸ್ಟೂಲು ಅಲುಗಿತು. "ಫ್ರಿಡ್ಜಿನ ಮಾತು ಕೇಳಿಕೊಂಡು ಬ್ಯಾಂಡ್ ಕಳಕೊಂಡ್ರಲ್ಲ ಅಕ್ಕ!"

ಅಕ್ಕನ ಕಿವಿ ಬಿಸಿಯಾಯಿತು. ಇಪ್ಪತ್ತು ವರ್ಷ ಮನಸ್ಸಿನಲ್ಲೇ ಬೈದದ್ದು ಬ್ಯಾಂಡಿನ ಆ ಮೂವರನ್ನು. ತಪ್ಪು ಇದ್ದದ್ದು ಫ್ರಿಡ್ಜಿನ ತರಕಾರಿ ಡಬ್ಬಿಯ ಹಿಂದೆ. ಆದರೂ ಸೋಲೊಪ್ಪಲು ಅವಳೇನು ಹಾಲಲ್ಲ, ಮಧ್ಯಾಹ್ನಕ್ಕೆ ಒಡೆಯಲು. "ಆ ಮೂವರ ಮಾತಿಗಿಂತ ಇದರ ಮಾತು ನಂಬಬಹುದು," ಎಂದಳು. "ಕರೆಂಟು ಹೋದಾಗ ಬಿಟ್ಟರೆ ಒಂದು ದಿನವೂ ಮಾತು ತಪ್ಪಿಲ್ಲ."

"ಈಗೇನು, ತಂತಿ ಸ್ವಲ್ಪ ಸಡಿಲಿಸಿ ಇನ್ನೊಮ್ಮೆ ನುಡಿಸಿ. ಅದೂ ಬೇಡ, ಒಂದು ಗುಂಡಿ ಒತ್ತಿದರೆ ನೀವು ನುಡಿಸಿದ್ದರ ಶ್ರುತಿ ತಾನೇ ಕೆಳಗಿಳಿಯುತ್ತೆ."

"ನೀನು ಪೂಜೆ ಮಾಡೋ ಆ ರೆಕಾರ್ಡ್ ಇದೆಯಲ್ಲ, ಜಾಝ್ ಫ್ಯೂಷನ್ನಿನದು. ಯಾವಾಗ ನೋಡಿದರೂ ಆ ಬೇಸ್‌ಗಾರನ ಹೆಬ್ಬೆರಳು, ಅವನ ತಂತಿ ಯಾವ ಕಂಪನಿ, ಅಂತ ತಲೆ ತಿಂತೀಯಲ್ಲ. ಅದನ್ನ ಹಾಕು."

"ಈಗ್ಯಾಕೆ?"

"ಹಾಕು ಅಂದೆ."

ಹಾಕಿದ. ಅಕ್ಕ ಹೆಡ್‌ಫೋನ್ ಕಿತ್ತಿಟ್ಟು, ತಂತಿಯ ಬಿಗಿ ಬದಲಿಸದೆ, ರೆಕಾರ್ಡಿನ ಜೊತೆ ನುಡಿಸತೊಡಗಿದಳು. ರೆಕಾರ್ಡು, ಅಕ್ಕ, ಫ್ರಿಡ್ಜು, ಮೂರೂ ಒಂದೇ ದಾರದಲ್ಲಿ ಹೊಲಿದಂತೆ ಹೋದವು. ಹಲ್ಲಪ್ಪ ಗಡಬಡಿಸಿ ಟ್ಯೂನರನ್ನು ರೆಕಾರ್ಡಿಗೇ ಹಿಡಿದ. ಅದೇ ಮೂರನೇ ಒಂದು ಭಾಗ ಮೇಲೆ.

"ಟೇಪು... ಟೇಪು ಜೋರಾಗಿ ಓಡಿರಬೇಕು," ಎಂದು ತೊದಲಿದ. "ಆ ಕಾಲದಲ್ಲಿ ಆಗ್ತಾ ಇತ್ತು ಹಾಗೆ."

"ಇದನ್ನೇ ಕೇಳಿ ಕಲಿತೆ ನಾನು, ಇದೇ ಸ್ಟೂಲಿನ ಮೇಲೆ. ಫ್ರಿಡ್ಜೂ ಹೂಂ ಅಂತಿತ್ತು. ಇಬ್ಬಿಬ್ಬರು ಸಾಕ್ಷಿ ಹೇಳಿದ ಮೇಲೆ ನಂಬದೆ ಏನು ಮಾಡಲಿ? ಹದಿನೈದು ವರ್ಷದಿಂದ ನೀನು ಇದರ ಬಗ್ಗೆ ಮಾತಾಡ್ತಾನೇ ಇದ್ದೀಯ ಹಲ್ಲಪ್ಪ. ಇದರ ಜೊತೆ ಒಂದು ಸಲವಾದರೂ ನುಡಿಸಿದ್ದೀಯಾ?"

ಹಲ್ಲಪ್ಪ ಕೇಬಲ್ ಸುತ್ತತೊಡಗಿದ. ಸುತ್ತುವ ಅಗತ್ಯವೇನೂ ಇರಲಿಲ್ಲ. ಗಡಿಯಾರದಲ್ಲಿ ನಾಲ್ಕೂವರೆ.

"ಸರಿ ಅಕ್ಕ. ಆದರೆ ಟೈಮಿಲ್ಲ. ಇಳಿಸಿ ಕಳಿಸಲಾ?"

"ಕೋಟು ಬಿಗಿಯಾಯ್ತು ಅಂತ ನಾನು ಗಿರಾಕಿಯ ಮೈ ಕತ್ತರಿಸಲ್ಲ ಕಣೋ. ಹೊಲಿಗೆ ಬಿಚ್ಚಿ ಕೋಟು ಸರಿಮಾಡ್ತೀನಿ. ಅವರು ಮೂವರು ನುಡಿಸಿದ್ದೂ ನಿನ್ನ ಈ ಡಬ್ಬದಲ್ಲೇ ಇದೆ ತಾನೆ?"

"ಇದೆ."

"ಗುಂಡಿ ಮೇಲಕ್ಕೂ ಹೋಗುತ್ತೆ ತಾನೆ?"

ಹಲ್ಲಪ್ಪ ಅವಳ ಮುಖ ನೋಡಿದ. "ಗಿಟಾರಿನವನು ನನ್ನನ್ನ ಸಿಗಿದು ಹಾಕ್ತಾನೆ."

"ಅವನಿಗೆ ಹಲ್ಲು ನೋವು ಬರಲಿ, ಆಗ ನೋಡ್ಕೊಳ್ಳುವೆಯಂತೆ. ಏರಿಸು."

ಅವನ ಬೆರಳು ಗುಂಡಿಯ ಮೇಲೆ ಒಂದು ಗಳಿಗೆ ತಡೆದು, ಒತ್ತಿತು. ಅಕ್ಕ ಹೆಡ್‌ಫೋನ್ ಏರಿಸಿಕೊಂಡಳು. ಮೊದಲು ಡ್ರಮ್ಮು, ಆಮೇಲೆ ಕೀಬೋರ್ಡು, ಕೊನೆಗೆ, ತುಸು ಹಿಂದೆಮುಂದೆ ನೋಡುತ್ತಾ, ಗಿಟಾರು: ಇಪ್ಪತ್ತು ವರ್ಷದ ಮೇಲೆ ಮೂವರೂ ಮೆಟ್ಟಿಲು ಹತ್ತಿ, ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಅವಳ ಅಡುಗೆಮನೆಯೊಳಗೆ ಬಂದು ಫ್ರಿಡ್ಜಿನ ಪಕ್ಕ ತೆಪ್ಪಗೆ ನಿಂತರು.