ಹುಣಸೆಮರದ ರಾಕೆಟ್ಟು

ಬೆಳಿಗ್ಗೆ ಹಾರಿಸಿದ ಮೊದಲನೆಯ ರಾಕೆಟ್ಟು ಗಾಳಿಗೆ ಸಿಕ್ಕಿ ಕೆರೆ ಏರಿಯಾಚೆ ಎಲ್ಲೋ ಮಾಯವಾಗಿತ್ತು. ಉಳಿದವನ್ನೆಲ್ಲ ಸಿಂಗಾಪುರವೆಂಬ ಹಳ್ಳಿಯ ಕೆರೆಯಂಗಳದಲ್ಲಿ ಚುಂಯ್ ಎಂದು ಹಾರಿಸಿ, ತಾನೇ ಚಪ್ಪಾಳೆ ತಟ್ಟಿಕೊಂಡು, ಮದ್ದು ಮುಗಿದ ಮೇಲೆ ವೀರಬಸಪ್ಪ ಅದನ್ನು ಹುಡುಕಿಕೊಂಡು ಏರಿ ಹತ್ತಿದ. ಯಶವಂತಪುರದ ಕಾರ್ಖಾನೆಯಲ್ಲಿ ವಾರವೆಲ್ಲ ಲೇತಿನ ಮುಂದೆ ನಿಲ್ಲುವವನಿಗೆ ಭಾನುವಾರ ಬಂತೆಂದರೆ ಇದೇ ಹುಚ್ಚು. ನೂಲಿನುಂಡೆಯ ರಟ್ಟಿನ ಕೊಳವೆ, ಪಟಾಕಿ ಮದ್ದು, ಪ್ಯಾರಾಚೂಟಿಗೆ ಕರಿಕೊಡೆಯ ಬಟ್ಟೆ. ಮನೆಗಿದ್ದ ಒಂದೇ ಕೊಡೆಯನ್ನು ಕತ್ತರಿಸಿದ್ದಕ್ಕೆ ಹೆಂಡತಿ ರತ್ನವ್ವ ಮಾತು ಬಿಟ್ಟಿದ್ದಳು. ಅದರಿಂದ ಅವನಿಗೆ ರಾಕೆಟ್ಟು ಕಟ್ಟಲು ಇನ್ನಷ್ಟು ಪುರಸೊತ್ತು ಸಿಕ್ಕಿತ್ತು, ಅಷ್ಟೆ.

ಏರಿಯ ಕೆಳಗಿನ ಹೊಲದಲ್ಲಿ ಜನ ಗುಂಪುಗೂಡಿದ್ದರು. ಹೊಸ ಮಣ್ಣಿನ ಗೋರಿ, ಅದರ ಮುಂದೆ ಬಾಳೆಲೆಯ ತುಂಬ ಮುದ್ದೆ, ಕೋಳಿಸಾರು, ವಡೆ, ಪಕ್ಕದಲ್ಲೊಂದು ಕಟ್ಟು ಬೀಡಿ. ಎಲ್ಲರೂ ಕತ್ತೆತ್ತಿ ಹುಣಸೆಮರವನ್ನೇ ನೋಡುತ್ತಿದ್ದರು. ತನ್ನ ರಾಕೆಟ್ಟನ್ನೇ ನೋಡುತ್ತಿದ್ದಾರೇನೋ ಎಂದು ಅವನಿಗೆ ಹಿಗ್ಗೇ ಆಯಿತು.

"ಯಜ್ಜಾ, ಇಲ್ಲೊಂದು ರಟ್ಟಿನ ಕೊಳವಿ ಬಿದ್ದದ್ದು ನೋಡೀರೇನ್ರಿ?" ಎಂದು ಅಂಚಿನಲ್ಲಿದ್ದ ಮುದುಕ ಮುನಿರಾಮಯ್ಯನನ್ನು ಕೇಳಿದ.

"ಸುಮ್ಕಿರಿ ಸ್ವಾಮಿ. ಚಿಕ್ಕಬೈರಪ್ಪಂಗೆ ಆಲುತುಪ್ಪ ಬಿಟ್ಟವ್ರೆ. ಬಾವೀಗ್ ಬಿದ್ದು ಸತ್ತು ಮೂರ್ ದಿನ ಆಯ್ತು. ಕಾಗೆ ಬತ್ತವೆ, ಎಡೆ ಮುಟ್ದೇನೇ ಎದ್ದೋಯ್ತವೆ. ಸತ್ತೋನು ಮನಸ್ನಾಗೆ ಏನೋ ಇಟ್ಕೊಂಡವ್ನೆ. ಅವನ್ ತಮ್ಮ ಲಕ್ಕಣ್ಣ ಬೇಡ್ಕೋತಾವ್ನೆ ನೋಡಿ."

ಗದಗಿನ ಕಡೆಯ ವೀರಬಸಪ್ಪನಿಗೆ ಈ ಕಾಗೆಯ ವಿಚಾರ ಹೊಸದು. ಅವನ ಜನರ ಪೈಕಿ ಸತ್ತವರು ಯಾವ ಹಕ್ಕಿಗೂ ಕಾಯದೆ ನೇರ ಶಿವನ ಪಾದ ಸೇರುತ್ತಾರೆ. ಗೋರಿಯ ಮುಂದೆ ಲಕ್ಕಣ್ಣ ಮಂಡಿಯೂರಿ ಕೂಗುತ್ತಿದ್ದ. "ನಿನ್ ಹೊಲದ್ ಪಾಲ್ನ ಗಂಗರತ್ನಮ್ಮತ್ತಿಗೇಗೇ ಬರ್ಕೊಡ್ತೀನಿ ಅಣ್ಣಾ! ಲೇಔಟ್‌ನೋರಿಗೆ ಒಂದ್ ಗುಂಟೇನೂ ಕೊಡಾಕಿಲ್ಲ!" ಎರಡು ಕಾಗೆ ಕೆಳಗಿನ ಕೊಂಬೆಗೆ ಇಳಿದವು. ಜನ ಉಸಿರು ಹಿಡಿದರು. ಕಾಗೆಗಳು ಕಿರುಚಿಕೊಂಡು ಹಾರಿಹೋದವು.

ಆಗ ವೀರಬಸಪ್ಪನಿಗೆ ಕಂಡಿತು. ಮರದ ಹಿಂಬದಿಯ ಕೊಂಬೆಯಲ್ಲಿ, ಗುಂಪಿಗೆ ಮರೆಯಾಗಿ, ಅವನ ಕರಿಬಟ್ಟೆ ಸತ್ತ ಕಾಗೆಯ ಹಾಗೆ ತಲೆಕೆಳಗಾಗಿ ನೇತಾಡುತ್ತಿತ್ತು. ಅವನೂರಿನಲ್ಲಿ ಕಾಗೆಯನ್ನು ಬೆದರಿಸಲು ಶೇಂಗಾ ಹೊಲದಲ್ಲಿ ಕಟ್ಟುವುದೂ ಇಂಥದ್ದನ್ನೇ. ತನ್ನ ಹುಡುಗಾಟಕ್ಕೆ ಯಾರೋ ಪಾಪದವನು ಹೊಲ ಕಳೆದುಕೊಳ್ಳುತ್ತಿದ್ದಾನಲ್ಲ! ಸದ್ದಿಲ್ಲದೆ ಮರವನ್ನು ಬಳಸಿಕೊಂಡು ಹೋಗಿ ಬಟ್ಟೆಗೆ ಕೈ ಚಾಚಿದ.

ಅಷ್ಟರಲ್ಲಿ ಲಕ್ಕಣ್ಣ ಇನ್ನೂ ಜೋರಾಗಿ ಕೂಗಿಕೊಂಡ. "ನೀ ಕೂಗಿದ್ದು ಕೇಳುಸ್ತು ಅಣ್ಣಾ! ಬಾವಿ ತಾವೇ ಇದ್ದೆ. ಸೇದೋ ಅಗ್ಗ ಕೈನಾಗೇ ಇತ್ತು. ನಾ ಒಳೀಕೆ ಬಿಡ್ಲಿಲ್ಲ... ನಾ ಬಿಡ್ಲೇ ಇಲ್ಲ!"

ಚಾಚಿದ ಕೈ ಅಲ್ಲೇ ನಿಂತಿತು. ವೀರಬಸಪ್ಪನಿಗೆ ಈ ಚಿಂದಿ ಬಟ್ಟೆಯನ್ನು ಬೇಗ ಕಿತ್ತುಕೊಂಡು ಓಡಿಬಿಡೋಣ ಅನ್ನಿಸಿತು. ಮತ್ತೆ ಕೈ ಎತ್ತಿದ.

"ತೆಗೀಬ್ಯಾಡಿ ಸ್ವಾಮಿ."

ಮರದ ಬುಡಕ್ಕೆ ಒರಗಿ ಹೆಂಗಸೊಬ್ಬಳು ಕೂತಿದ್ದಳು. ಸತ್ತವನ ಹೆಂಡತಿ ಗಂಗರತ್ನಮ್ಮ. ಅವಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

"ಬೆಳಿಗ್ಗೆ ನೆಲ ಸಾರ್ಸಾಕೆ ನಾನೊಬ್ಳೇ ಬಂದಿದ್ದಾಗ್ಲೇ ಬಿತ್ತು ಅದು," ಎಂದಳು ಮೆಲ್ಲಗೆ. "ನಾನೇ ಸುಮ್ಕಿದ್ದೆ."

ವೀರಬಸಪ್ಪ ಕೈ ಇಳಿಸಿದ. "ಅಂವ... ಅಂವ ಎಲ್ಲಾ ಒಪ್ಕೊಂಡನಲ್ರಿ, ಯವ್ವಾ?"

"ಎಲ್ಲಾನೂ ಎಲ್ಲಿ ಒಪ್ಕೊಂಡ?" ಅವಳು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು. "ಇವ್ರು ಬಾವೀಗೆ ಬಿದ್ದಿದ್ದು ಎಂಗೆ ಅಂತ ಇನ್ನೂ ಯೋಳಿಲ್ಲ."