ವಾಂಗೀಬಾತಿಗೊಂದು ಮಫಿನ್

“ಹದಿನೈದು ದಿನದಿಂದ ನೋಡ್ತಿದೀನಿ, ಡಬ್ಬಿ ತೊಳೆಯೋರು ಯಾರ್ರೀ?”

ಒಂದು ಕಾಲಿನ ಶೂ ಬಿಚ್ಚಿ ಇನ್ನೊಂದಕ್ಕೆ ಕೈ ಹಾಕಿದ್ದ ಮುದ್ದುಕೃಷ್ಣ ಹಾಗೇ ನಿಂತ. ಮುಶೈರಿಬ್‌ನ ಆಫೀಸಿನಲ್ಲಿ ದಿನವಿಡೀ ಕಟ್ಟಡಗಳ ನಕ್ಷೆ ಬರೆಯುವ ಮನುಷ್ಯ. ದೋಹಾಕ್ಕೆ ಬಂದ ಆರು ವರ್ಷಗಳಲ್ಲಿ ಊಟದ ಡಬ್ಬಿಗೆ ಒಮ್ಮೆಯೂ ನೀರು ತೋರಿಸಿದವನಲ್ಲ. ಈಗ ಹೆಂಡತಿ ವೇದಾಳ ಕೈಯಲ್ಲಿದ್ದ ಸ್ಟೀಲ್ ಡಬ್ಬಿ ನಿಂಬೆ ಸೋಪಿನ ವಾಸನೆ ಹೊಡೆಯುತ್ತ ಫಳಫಳ ಹೊಳೆಯುತ್ತಿತ್ತು. ಮೂಲೆಯಲ್ಲಿ ಮಾತ್ರ ಒಂದೇ ಒಂದು ಹಳದಿ ಚೂರು.

“ನಾನೇ ತೊಳೆದೆ ಕಣೇ. ಪಾಪ, ನಿನಗೂ ಎಷ್ಟು ಕೆಲಸ.”

“ಅಬ್ಬಾ! ಇವತ್ತಿನ ವಾಂಗೀಬಾತ್ ಹೇಗಿತ್ತು?”

“ಇನ್ನು ಹೇಗಿರುತ್ತೆ? ಫಸ್ಟ್ ಕ್ಲಾಸ್.”

ವೇದಾ ಕುರ್ಚಿ ಎಳೆದುಕೊಂಡು ಕೂತಳು. ಬೆಳಿಗ್ಗೆ ಒಗ್ಗರಣೆ ಹಾಕುವ ಹೊತ್ತಿಗೆ ಸರಿಯಾಗಿ ಮೈಸೂರಿನಿಂದ ತಂಗಿಯ ಫೋನು ಬಂದು, ಆ ಗಡಿಬಿಡಿಯಲ್ಲಿ ಎರಡು ಸಲ ಉಪ್ಪು ಬಿದ್ದಿತ್ತು. ಗೊತ್ತಾದದ್ದು ಮಧ್ಯಾಹ್ನ, ತಾನು ಉಣ್ಣಲು ಕೂತಾಗ. ಎರಡು ತುತ್ತಿಗೆ ಒಂದು ಚೊಂಬು ನೀರು ಕುಡಿದು, ಗಂಡ ಅದನ್ನು ಹೇಗೆ ನುಂಗಿದರೋ ಎಂದು ಸಂಜೆಯವರೆಗೂ ಒದ್ದಾಡಿದ್ದಳು.

“ಸರಿ. ಆ ಫಸ್ಟ್ ಕ್ಲಾಸ್ ಊಟ ತಿಂದೋರು ಯಾರು ಅಂತ ಈಗ ಹೇಳಿ.”

ಹೇಳದೆ ದಾರಿಯಿರಲಿಲ್ಲ. ಆಫೀಸಿನ ಹಿಂದಿನ ಗಲ್ಲಿಯಲ್ಲಿ ಹೊಸದಾಗಿ ಒಂದು ಬೇಕರಿ ಶುರುವಾಗಿತ್ತು. ಗಲ್ಲಾದಲ್ಲಿ ಕೂರುವ ಗಂಡ ಲೆಬನಾನಿನವನು, ಒಲೆಯ ಮುಂದಿನ ಹೆಂಡತಿ ಮ್ಯಾಗ್ಡಲಿನ್ ಮೆಕ್ಸಿಕೋದವಳು. ಒಂದು ದಿನ ಅಲ್ಲಿಯ ಬೆಂಚಿನ ಮೇಲೆ ಇವನು ಡಬ್ಬಿ ಬಿಚ್ಚಿದಾಗ ಒಗ್ಗರಣೆಯ ಘಮಕ್ಕೆ ಅವಳು ಬಗ್ಗಿ ನೋಡಿದ್ದಳು. ಅವಳ ತಟ್ಟೆಯ ಮೆಕ್ಕೆಜೋಳದ ಮಫಿನ್ ಕಡೆಗೆ ಇವನು. ಅಂದಿನಿಂದ ಮಧ್ಯಾಹ್ನ ಡಬ್ಬಿ ಅವಳಿಗೆ, ಮಫಿನ್ ಇವನಿಗೆ. ಸಂಜೆ ಮನೆಗೆ ಹೊರಡುವಾಗ ತೊಳೆದ ಡಬ್ಬಿ ಅವಳ ಗಂಡನ ಕೈಯಿಂದ ವಾಪಸ್.

“ಮೆಕ್ಕೆಜೋಳ? ಕೋಳಿಗೆ ಹಾಕೋದಾ?”

“ಹಾಗನ್ನಬೇಡ ವೇದಾ! ನಾನೂ ಹಾಗೇ ಅಂದ್ಕೊಂಡಿದ್ದೆ. ಮೇಲೆ ಕೆಂಪಗೆ ಗರಿಗರಿ. ಮುರಿದ್ರೆ ಒಳಗೆ ಹಳದಿ, ಬಿಸಿಬಿಸಿ, ರವೆ ಥರ ತರಿತರಿ. ಬಾಯಿಗಿಟ್ರೆ ಮೊದಲು ಬೆಣ್ಣೆ, ಆಮೇಲೆ ಒಂಚೂರು ಸಿಹಿ, ಕೊನೇಲಿ ಎಲ್ಲಿಂದಲೋ ಒಂದು ಹಸಿಮೆಣಸಿನಕಾಯಿ ಬಂದು...”

ವೇದಾ ಡಬ್ಬಿಯನ್ನು ಟಪ್ಪೆಂದು ಕೆಳಗಿಟ್ಟಳು. ಹನ್ನೊಂದು ವರ್ಷದ ಸಂಸಾರದಲ್ಲಿ ತನ್ನ ಅಡುಗೆಗೆ ಸಿಕ್ಕಿದ್ದು ಬರೀ ‘ಫಸ್ಟ್ ಕ್ಲಾಸ್’. ಉಪ್ಪಿದ್ದರೂ ಅದೇ, ಇಲ್ಲದಿದ್ದರೂ ಅದೇ. ಈ ಮನುಷ್ಯನಿಗೆ ನಾಲಿಗೆ ಇದೆ ಎಂದು ಗೊತ್ತಾದದ್ದೇ ಇವತ್ತು.

“ನಾಳೆ ನಾನೂ ಬರ್ತೀನಿ,” ಎಂದಳು.

ಮಾರನೆಯ ಮಧ್ಯಾಹ್ನ ಡಬ್ಬಿ ಹಿಡಿದು ಬೇಕರಿಗೆ ಕಾಲಿಡುವಾಗ ವೇದಾ ನಾಲ್ಕು ಕೊಂಕು ಸಿದ್ಧಮಾಡಿಕೊಂಡೇ ಬಂದಿದ್ದಳು. ಮುದ್ದುಕೃಷ್ಣ ತಂದುಕೊಟ್ಟ ಮಫಿನ್ ಮುರಿದು ಬಾಯಿಗಿಟ್ಟಳು. ಬೆಣ್ಣೆ. ಸಿಹಿ. ಕೊನೆಗೆ ಚುರುಕ್ ಎಂದ ಹಸಿಮೆಣಸು. ಹಾಳಾದ್ದು, ಚೆನ್ನಾಗಿತ್ತು. ನಾಲ್ಕು ಕೊಂಕೂ ಅದರ ಜೊತೆಗೇ ಗಂಟಲಲ್ಲಿ ಇಳಿದುಹೋದವು.

ಅಷ್ಟರಲ್ಲಿ ಮ್ಯಾಗ್ಡಲಿನ್ ಡಬ್ಬಿಯ ಗುರುತು ಹಿಡಿದು, ಹಿಟ್ಟಿನ ಕೈಯಲ್ಲೇ ಓಡಿಬಂದಳು. “ಡಬ್ಬಾ ಮದಾಮ್! ಮಂಡೇ ಲೆಮನ್ ರೈಸ್, ನಂಬರ್ ವನ್!” ಆಮೇಲೆ ಮುಖ ಹಿಂಡಿ, ಕೊಡಗಟ್ಟಲೆ ನೀರು ಕುಡಿಯುವಂತೆ ಅಭಿನಯಿಸಿದಳು. “ಯೆಸ್ಟರ್‌ಡೇ, ಸಾಲ್ಟ್ ಕಥೀರ್! ಟೂ ಮಚ್, ಟೂ ಮಚ್!”

ಉಪ್ಪು ಜಾಸ್ತಿ! ವೇದಾಳಿಗೆ ಅವಳನ್ನು ತಬ್ಬಿಕೊಳ್ಳೋಣ ಎನ್ನಿಸಿತು, ತಬ್ಬಿಕೊಂಡೂ ಬಿಟ್ಟಳು.

“ಮೈ ಮಫಿನ್ ಗುಡ್?” ಮ್ಯಾಗ್ಡಲಿನ್ ಕೇಳಿದಳು. “ಡೈಲಿ ಡಬ್ಬಾ ಇನ್‌ಸೈಡ್ ಟೂ ಪೀಸ್, ಫಾರ್ ಮದಾಮ್. ಯೂ ಲೈಕ್?”

ವೇದಾ ನಿಧಾನವಾಗಿ ತಿರುಗಿದಳು. ಮುದ್ದುಕೃಷ್ಣ ಗೋಡೆಯ ಮೇಲಿನ ಅರಬ್ಬಿ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದ.

“ಆರಿಹೋದ್ರೆ ಚೆನ್ನಾಗಿರಲ್ಲ ಕಣೇ,” ಎಂದ ಕ್ಯಾಲೆಂಡರಿಗೇ. “ಅದಕ್ಕೇ ದಾರೀಲಿ...”

“ನಮ್ಮಮ್ಮ ಯಾರ ಮನೆ ಡಬ್ಬಿನೂ ಖಾಲಿ ಕಳಿಸಿದೋಳಲ್ಲ. ಏನೂ ಇಲ್ದಿದ್ರೆ ಒಂದು ಚಮಚ ಸಕ್ಕರೆನಾದ್ರೂ ಹಾಕೋಳು. ಅಷ್ಟು ದೂರದ ಮೆಕ್ಸಿಕೋದೋಳಿಗೆ ಗೊತ್ತಿರೋದು ನಿಮಗೆ ಗೊತ್ತಾಗಲಿಲ್ವಲ್ರೀ!”

ಮರುದಿನ ಬೆಳಿಗ್ಗೆ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಡಬ್ಬಿಗಳಿದ್ದವು. ದೊಡ್ಡದರ ಮೇಲೆ ‘ಮ್ಯಾಗ್ಡಲಿನ್’ ಎಂಬ ಚೀಟಿ, ಸಣ್ಣದರ ಮೇಲೆ ‘ನಿಮಗೆ’. ಮಧ್ಯಾಹ್ನ ಬೇಕರಿಯ ಬೆಂಚಿನ ಮೇಲೆ ಮ್ಯಾಗ್ಡಲಿನ್ ಬಿಸಿಬೇಳೆಬಾತನ್ನು ಕಣ್ಣುಮುಚ್ಚಿ ಚಪ್ಪರಿಸುತ್ತಿದ್ದಾಗ, ಪಕ್ಕದಲ್ಲಿ ಕೂತು ಮುದ್ದುಕೃಷ್ಣ ತನ್ನ ಡಬ್ಬಿ ತೆರೆದ. ಖಾಲಿ ಕಳಿಸಬಾರದಲ್ಲ, ತಳದಲ್ಲಿ ಒಂದು ಚಮಚ ಉಪ್ಪಿತ್ತು.